ಎಳೆದರೆ ಬಿಚ್ಚಿಕೊಳ್ಳುವ ಬೆಲ್ಟು

ಟೀಚರ್ ತೀರಿಕೊಂಡರು ಎಂದು ಅವರ ತಂಗಿ ಫೋನು ಮಾಡಿ ಹೇಳಿದ ದಿನ ನಾನು ಗಲಿಬಿಲಿಗೊಂಡೆ. ದುಃಖ ಆಮೇಲೆ ಬಂತು. ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದ ಹೆಂಗಸು ಎಂಥವರು ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಾ ಕೂತೆ. ನನಗೆ ಗೊತ್ತಿದ್ದ ಒಂದು ಸಂಗತಿಯೂ ಇನ್ನೊಂದರ ಜೊತೆ ಹೊಂದಿಕೊಳ್ಳಲಿಲ್ಲ.

ನಾವು ಮಡಿಕೇರಿಯ ಕಡೆಯವರು. ನಮ್ಮ ಯಜಮಾನರು ಕುಶಾಲನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಮೇಲೆ ಮನೆಯನ್ನೂ ಇಲ್ಲಿಗೇ ಬದಲಾಯಿಸಿದೆವು. ಮೊದಲು ಗದ್ದೆಯಾಗಿದ್ದ ಜಾಗದಲ್ಲಿ ಎದ್ದ ಹೊಸ ಬಡಾವಣೆ ಇದು. ಎಲ್ಲ ಮನೆಗೂ ಕಾಂಪೌಂಡು, ಕಬ್ಬಿಣದ ಗೇಟು, ಗೇಟಿನ ಮೇಲೆ ‘ನಾಯಿ ಇದೆ’ ಎಂಬ ಬೋರ್ಡು. ನಾವು ನಮ್ಮ ನಾಯಿ ಬ್ರೌನಿಯನ್ನು ಕಟ್ಟಿಕೊಂಡೇ ಬಂದಿದ್ದೆವು. ಟೆಂಪೋದಿಂದ ಸಾಮಾನು ಇಳಿಸುತ್ತಿದ್ದಾಗ ಪಕ್ಕದ ಮನೆಯಿಂದ ಒಬ್ಬರು ಸ್ಟೀಲಿನ ಡಬ್ಬಿಯಲ್ಲಿ ಉಪ್ಪಿಟ್ಟು ತಂದರು. ತೆಳ್ಳಗೆ, ಎತ್ತರವಾಗಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡಿದ್ದರು. ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ, ಕಾಂಪೌಂಡಿನ ಮೇಲಿಟ್ಟರು. ಅವರ ಕಣ್ಣು ಬ್ರೌನಿಯ ಕತ್ತಿನ ಮೇಲಿತ್ತು.

“ಇದರ ಬಾಯಿ ಸ್ವಲ್ಪ ಹಿಡ್ಕೊಳ್ತೀರಾ?” ಎಂದರು.

ನನಗೆ ಏನೂ ತಿಳಿಯದಿದ್ದರೂ ಹಿಡಿದುಕೊಂಡೆ. ಅವರು ಬಗ್ಗಿ, ಬ್ರೌನಿಯ ಬೆಲ್ಟಿನ ಕೆಳಗೆ ಬೆರಳು ತೂರಿಸಿದರು.

“ಎರಡು ಬೆರಳು ಹೋಗ್ಬೇಕು ಕಣಮ್ಮ. ಇಲ್ಲಿ ಒಂದೇ ಹೋಗ್ತಾ ಇದೆ” ಎಂದು ಒಂದು ತೂತು ಸಡಿಲ ಮಾಡಿದರು. ಆಮೇಲೆ ನಮ್ಮ ನಲ್ಲಿಯ ಹತ್ತಿರ ಹೋಗಿ ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡರು. ಅಷ್ಟೆಲ್ಲ ಆದ ಮೇಲೆ ನನ್ನ ಹೆಸರು ಕೇಳಿದರು.

ಅವರ ಹೆಸರನ್ನು ನಾನು ಕೇಳಬೇಕಾಗಲಿಲ್ಲ. ಇಡೀ ಬಡಾವಣೆಗೆ ಅವರು ಟೀಚರ್. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದು, ನಿವೃತ್ತರಾದ ಮೇಲೆ ಇಲ್ಲೇ ಮನೆ ಮಾಡಿಕೊಂಡಿದ್ದರು. ತವರು ಅರಕಲಗೂಡಿನ ಕಡೆ. ಮದುವೆಯಾಗಿರಲಿಲ್ಲ. ಮನೆಯಲ್ಲಿ ಒಂದು ಹೊಲಿಗೆ ಮೆಷಿನ್ನು, ಒಂದು ರೇಡಿಯೊ, ಕಿಟಕಿಯ ಸಾಲಿನಲ್ಲಿ ಜೆರೇನಿಯಂ ಕುಂಡಗಳು. ನಾಯಿ ಇರಲಿಲ್ಲ. ಬೆಕ್ಕೂ ಇರಲಿಲ್ಲ. ಆದರೆ ಸುತ್ತಲಿನ ಯಾವ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಅಲ್ಲಿನ ಪ್ರಾಣಿಯ ಕತ್ತನ್ನು. ಅದರ ಹೆಸರನ್ನು ಅವರು ಕೇಳಿದ್ದು ನನಗೆ ನೆನಪಿಲ್ಲ. ಎಲ್ಲ ನಾಯಿಗಳೂ ಅವರ ಬಾಯಲ್ಲಿ ‘ಇದು’, ‘ಅದು’. ತಲೆ ಸವರುವುದು, ಮುದ್ದು ಮಾಡುವುದು, ಬಿಸ್ಕತ್ತು ಹಾಕುವುದು ಒಂದೂ ಇಲ್ಲ. ಬೆಲ್ಟು ಸರಿಮಾಡುವಾಗ ಉಸಿರು ಬಿಗಿಹಿಡಿದಿರುತ್ತಿದ್ದರು, ಮೇಲ್ದುಟಿಯ ಮೇಲೆ ಬೆವರು ಕೂತಿರುತ್ತಿತ್ತು. ಮುಗಿದ ತಕ್ಷಣ ನಲ್ಲಿ ಹುಡುಕುತ್ತಿದ್ದರು. ಮಡಿವಂತಿಕೆ ಇರಬೇಕು ಎಂದುಕೊಂಡೆ. ಹಾಗಿದ್ದರೆ ಮುಟ್ಟುವುದೇ ಯಾಕೆ ಎಂದು ನಮ್ಮ ಯಜಮಾನರು ಕೇಳಿದರು.

ನಾವು ಬಂದ ಮೊದಲ ಮಳೆಗಾಲ ಮುಗಿದ ಮೇಲೆ ನಡೆದದ್ದು ಇದು. ನಮ್ಮ ಹಿಂದಿನ ರಸ್ತೆಯಲ್ಲಿ ಶುಂಠಿ ವ್ಯಾಪಾರದವರೊಬ್ಬರಿದ್ದರು. ಒಳ್ಳೆಯ ಜನ. ಅವರ ಮನೆಯಲ್ಲಿ ಉದ್ದ ಕೂದಲಿನ ಬಿಳಿ ನಾಯಿ. ಅದು ಇತ್ತೀಚೆಗೆ ಸರಿಯಾಗಿ ತಿನ್ನುತ್ತಿಲ್ಲ, ಹತ್ತಿರ ಹೋದರೆ ವಾಸನೆ ಬರುತ್ತದೆ, ಸ್ನಾನ ಮಾಡಿಸಿದರೂ ಹೋಗುವುದಿಲ್ಲ ಎಂದು ಅವರ ಹೆಂಡತಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದರು. ಟೀಚರ್ ನನ್ನ ಜೊತೆಗಿದ್ದರು. ಕೈಯಲ್ಲಿದ್ದ ತರಕಾರಿ ಚೀಲವನ್ನು ನನಗೆ ಕೊಟ್ಟು, “ಈಗ್ಲೇ ಹೋಗಿ ನೋಡಣ ನಡೀರಿ” ಎಂದರು.

ಆ ಮನೆಯವರು ನಾಯಿಯ ಬಾಯಿ ಹಿಡಿದರು. ಟೀಚರ್ ಕತ್ತಿನ ಕೂದಲನ್ನು ಸರಿಸಿದರು. ಬೆಲ್ಟು ಕಾಣಿಸಲೇ ಇಲ್ಲ. ಅದು ಮರಿಯಾಗಿದ್ದಾಗ ಕಟ್ಟಿದ ಕೆಂಪು ಪಟ್ಟಿ. ನಾಯಿ ಬೆಳೆದಿತ್ತು, ಪಟ್ಟಿ ಬೆಳೆದಿರಲಿಲ್ಲ. ಅದು ಚರ್ಮದ ಒಳಗೆ ಇಳಿದು, ಮೇಲೆ ಮಾಂಸ ಕೂಡಿಕೊಂಡು, ಕೀವಾಗಿತ್ತು. ಆ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದರು. “ನಾವು ದಿನಾ ಅನ್ನ ಹಾಕ್ತೀವಿ ಟೀಚರೇ, ದಿನಾ ಮುಟ್ತೀವಿ, ನಮ್ಗೆ ಗೊತ್ತೇ ಆಗ್ಲಿಲ್ವಲ್ಲಾ.”

“ಕೂದ್ಲು ಇರೋ ನಾಯಿಗೆ ಹಂಗೇ ಆಗೋದು. ಅಳ್ಬೇಡಿ. ಆಟೋ ಕರೀರಿ” ಎಂದರು ಟೀಚರ್. ಪಶು ಆಸ್ಪತ್ರೆಯಲ್ಲಿ ಡಾಕ್ಟರು ಅರಿವಳಿಕೆ ಕೊಟ್ಟು ಆ ಪಟ್ಟಿಯನ್ನು ತೆಗೆಯುವವರೆಗೆ ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನೂ ಕೂತಿದ್ದೆ. ಅವರ ಕಾಲು ನಡುಗುತ್ತಿತ್ತು. “ಬೆಳಿಗ್ಗೆಯಿಂದ ತಿಂಡಿ ತಿಂದಿಲ್ಲ, ಅದಕ್ಕೆ” ಎಂದರು. ಅವರು ತಿಂಡಿ ತಿಂದಿದ್ದರು, ನಮ್ಮ ಮನೆಯಲ್ಲೇ.

ಆ ನಾಯಿ ಗುಣವಾಯಿತು. ಅಂದಿನಿಂದ ಟೀಚರ್ ಮಾತು ಬಡಾವಣೆಯಲ್ಲಿ ನಡೆಯತೊಡಗಿತು. ಅವರು ಹೇಳಿದರೆ ಜನ ಬೆಲ್ಟು ಬಿಚ್ಚುತ್ತಿದ್ದರು, ಅವರು ಹೇಳಿದರೆ ಹಾಕುತ್ತಿದ್ದರು. ತೊಂದರೆ ಏನೆಂದರೆ ಅವರು ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಿದ್ದರು.

ನಮ್ಮ ಮನೆಗೆ ಎರಡನೆಯ ನಾಯಿ ಕರಿಯ ಬಂದಾಗ, “ಮನೆ ಒಳಗೆ, ಕಾಂಪೌಂಡ್ ಒಳಗೆ ಇದ್ದಾಗ ಬೆಲ್ಟೇ ಬೇಡ. ಎರಡು ನಾಯಿ ಇರೋ ಮನೇಲಿ ಖಂಡಿತ ಬೇಡ” ಎಂದರು. ಎದುರು ಮನೆಯವರು ತಮ್ಮ ಬೆಕ್ಕಿಗೆ ದಾರದಲ್ಲಿ ಗೆಜ್ಜೆ ಕಟ್ಟಿದ್ದರು. ಅದನ್ನು ತಾವೇ ಕತ್ತರಿಸಿ, “ಬೆಕ್ಕು ಮರ ಹತ್ತುತ್ತೆ, ಕಿಟಕಿ ಹಾರುತ್ತೆ. ದಾರ ಎಲ್ಲಾದ್ರೂ ಸಿಕ್ಕೊಂಡ್ರೆ ನೇಣೇ” ಎಂದು ಗದರಿದರು. ಅದೇ ವಾರ ಕುಟ್ಟದ ಹತ್ತಿರದ ಎಸ್ಟೇಟಿನಿಂದ ಅವರ ಹಳೆಯ ವಿದ್ಯಾರ್ಥಿನಿಯ ಫೋನು ಬಂತು. ಅವಳ ಗಂಡ ಅಲ್ಲಿ ಲೆಕ್ಕ ಬರೆಯುವ ರೈಟರು. ಕೂಲಿಯವರ ಲೈನ್ ಮನೆಗಳ ಪಕ್ಕದಿಂದ ಚಿರತೆ ನಾಯಿಗಳನ್ನು ಎತ್ತಿಕೊಂಡು ಹೋಗುತ್ತಿದೆ ಎಂದಳಂತೆ. ಟೀಚರ್ ನನ್ನ ಮುಂದೆಯೇ ಫೋನಿನಲ್ಲಿ ಹೇಳಿದರು: “ಅಗಲದ್ದು ಬೆಲ್ಟ್ ಹಾಕು. ಮೊಳೆ ಬೆಲ್ಟ್ ಮಾಡಿಸು, ಹೊರಗಡೆಗೆ ಮೊಳೆ ಬರ್ಬೇಕು, ಚಿರತೆ ಕತ್ತಿಗೇ ಬಾಯಿ ಹಾಕೋದು. ಬಿಚ್ಲೇಬೇಡ.”

ಫೋನಿಟ್ಟ ಮೇಲೆ ನಾನು ಕೇಳಿದೆ. “ಅಲ್ಲ ಟೀಚರ್, ನಮಗೆ ಹಾಕ್ಲೇಬೇಡಿ ಅಂದ್ರಿ. ಅವಳಿಗೆ ಬಿಚ್ಲೇಬೇಡ ಅಂದ್ರಿ.”

“ಅಲ್ಲಿ ಚಿರತೆ ಇದೆ. ಇಲ್ಲಿ ಗೇಟ್ ಇದೆ” ಎಂದರು, ಅದರಲ್ಲಿ ವಿವರಿಸುವಂಥದ್ದು ಏನೂ ಇಲ್ಲ ಎನ್ನುವ ಹಾಗೆ.

ಸಂಜೆ ನಾನು ಇದನ್ನು ಹೇಳಿದಾಗ ನಮ್ಮ ಯಜಮಾನರು ನಕ್ಕರು. “ಇವರ ಕಾನೂನು ಎಂತದ್ದೂಂತ ನಂಗೆ ಗೊತ್ತಿಲ್ಲೆ. ನಮ್ಮ ಊರಲ್ಲಿ ನಾಯಿ ಅದರ ಪಾಡಿಗೆ ಇತ್ತು, ನಾವು ನಮ್ಮ ಪಾಡಿಗೆ ಇದ್ದೆವು.”

ಟೀಚರ್ ಬೆಲ್ಟು ಹೊಲಿಯಲು ಶುರು ಮಾಡಿದ್ದು ಆಮೇಲೆ. ಹಳೆಯ ಪರದೆ ಬಟ್ಟೆ, ಒಳಗೆ ಕ್ಯಾನ್‌ವಾಸ್, ಕೊನೆಯಲ್ಲಿ ಬಕಲಿನ ಬದಲು ಟಿಚ್ ಬಟನ್ನು, ನಮ್ಮ ಬ್ಲೌಸಿಗೆ ಹಾಕುವಂಥದ್ದೇ. ಹೊಲಿದದ್ದನ್ನು ತಮ್ಮ ಮಣಿಕಟ್ಟಿಗೆ ಸುತ್ತಿಕೊಂಡು ಕಿಟಕಿಯ ಸರಳಿಗೆ ಸಿಕ್ಕಿಸಿ ಎಳೆದು ನೋಡುತ್ತಿದ್ದರು. ಪಟಪಟ ಬಿಚ್ಚಿಕೊಂಡರೆ ಮುಖ ಅರಳುತ್ತಿತ್ತು.

“ಎಳೆದ್ರೆ ಬಿಚ್ಚಿ ಹೋಗೋ ಬೆಲ್ಟ್ ಯಾಕೆ ಟೀಚರ್?” ಎಂದು ಕೇಳಿದರೆ, “ಎಳೆದ್ರೆ ಬಿಚ್ಬೇಕು ಅಂತ್ಲೇ ಹೊಲ್ದಿರೋದು” ಎನ್ನುತ್ತಿದ್ದರು. ಅದರ ಮೇಲೆ ಮನೆಯವರ ಫೋನ್ ನಂಬರನ್ನು ನೂಲಿನಲ್ಲಿ ಕಸೂತಿ ಹಾಕಿ ಕೊಡುತ್ತಿದ್ದರು. ನಮ್ಮ ಬೀದಿಯ ಮನೆಗಳ ನಾಯಿಗಳೆಲ್ಲ ಪರದೆ ಬಟ್ಟೆಯ ಹೂವು, ಬಳ್ಳಿ, ನವಿಲುಗಳನ್ನು ಕತ್ತಿಗೆ ಹಾಕಿಕೊಂಡು ಓಡಾಡಿದವು. ಮೂಲೆಯ ಬೇಕರಿಯ ಮಲಯಾಳಿ ಯಜಮಾನರು, ನಾವೆಲ್ಲ ಚೇಟ್ಟ ಎನ್ನುವವರು, ಟೀಚರ್ ಕೊರಳಿನ ಅಳತೆ ಟೇಪು ತೋರಿಸಿ, “ಟೀಚರೇ, ನಿಮ್ಮ ಬೆಲ್ಟ್ ಲೂಸ್ ಉಂಟಾ? ಎರಡು ಬೆರಳು ಹೋಗ್ತದಾ?” ಎಂದು ತಮಾಷೆ ಮಾಡಿದರೆ ಅವರೂ ನಗುತ್ತಿದ್ದರು.

ಆ ನಗು ಬಹಳ ದಿನ ಉಳಿಯಲಿಲ್ಲ. ಚೇಟ್ಟನ ಮಗಳು ಅವರ ಲ್ಯಾಬ್ ನಾಯಿಯನ್ನು ಅದೇ ಟಿಚ್ ಬಟನ್ ಬೆಲ್ಟಿಗೆ ಹಗ್ಗ ಹಾಕಿ ಮುಖ್ಯರಸ್ತೆಯ ಕಡೆ ಕರೆದುಕೊಂಡು ಹೋದಳು. ನಾಯಿ ಬೆಕ್ಕೊಂದನ್ನು ಕಂಡು ಜಗ್ಗಿತು. ಟೀಚರ್ ಬಯಸಿದ ಹಾಗೆಯೇ ಬೆಲ್ಟು ಬಿಚ್ಚಿಕೊಂಡಿತು. ನಾಯಿ ನೇರ ಜೀಪಿನ ಚಕ್ರಕ್ಕೆ ಹೋಯಿತು. ಜೀವ ಉಳಿಯಿತು, ಹಿಂಗಾಲು ಮುರಿಯಿತು.

ಚೇಟ್ಟ ಆ ಬಿಚ್ಚಿಹೋದ ಬೆಲ್ಟನ್ನು ಹಿಡಿದುಕೊಂಡು ಟೀಚರ್ ಗೇಟಿನ ಮುಂದೆ ನಿಂತು ಕೂಗಿದರು. “ನೀವು ಬೆಲ್ಟ್ ಹೊಲಿದದ್ದಾ, ಬ್ಲೌಸ್ ಹೊಲಿದದ್ದಾ ಟೀಚರೇ? ನನ್ನ ಮಗಳು ನಾಯಿ ಹಿಂದೆ ರೋಡಿಗೆ ಓಡಿದ್ಲಲ್ಲಾ, ಅವಳಿಗೆ ಏನಾದ್ರೂ ಆಗಿದ್ದರೆ?”

ಟೀಚರ್ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. “ತಪ್ಪು ನಂದೇ. ರಸ್ತೆಗೆ ಬೇರೆ ಬೇಕು ಅಂತ ನಾನು ಹೇಳ್ಲಿಲ್ಲ” ಎಂದಷ್ಟೇ ಹೇಳಿದರು. ಆ ನಾಯಿಯ ಕಾಲಿಗೆ ಪಟ್ಟಿ ಇದ್ದಷ್ಟು ದಿನವೂ ಬೆಳಿಗ್ಗೆ ಬೇಕರಿಯ ಹಿಂದಿನ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ. ನಾಯಿ ಕುಂಟಿಕೊಂಡು ಹೊರಗೆ ಬಂದದ್ದನ್ನು ನೋಡಿ ವಾಪಸ್ಸಾಗುತ್ತಿದ್ದರು. ಚೇಟ್ಟನಿಗೇ ಕೊನೆಗೆ ಬೇಜಾರಾಗಿ, “ಹೋಗ್ಲಿ ಬಿಡಿ ಟೀಚರೇ, ಬಂದು ಚಾ ಕುಡೀರಿ” ಎಂದರು.

ಅಲ್ಲಿಂದ ಮುಂದೆ ಅವರ ಮಾತು, “ಮನೆಗೆ ಬೇರೆ, ರಸ್ತೆಗೆ ಬೇರೆ.” ರಸ್ತೆಗೆ ಎದೆಗೂ ಹೊಟ್ಟೆಗೂ ಸುತ್ತಿ ಬರುವ ಪಟ್ಟಿ, ಮನೆಯಲ್ಲಿ ಬರಿಗತ್ತು ಅಥವಾ ಟಿಚ್ ಬಟನ್. ಕೇಳಿದವರೆಲ್ಲ ತಲೆ ಆಡಿಸಿದರು. ಆದರೆ ಜನಕ್ಕೆ ಎರಡೆರಡು ಬೆಲ್ಟು ಬದಲಾಯಿಸುವ ಪುರುಸೊತ್ತು ಎಲ್ಲಿತ್ತು?

ಒಮ್ಮೆ ನಾನು ನೇರವಾಗಿ ಕೇಳಿದ್ದೆ, ಈ ಬೆಲ್ಟಿನ ಚಿಂತೆ ನಿಮಗೆ ಎಲ್ಲಿಂದ ಹತ್ತಿತು ಎಂದು. ಅವರು ಹೊಲಿಯುತ್ತಲೇ ಹೇಳಿದರು: ತವರಿನಲ್ಲಿ ಒಂದು ನಾಯಿ ಇತ್ತಂತೆ, ಸರಪಳಿ ಸಮೇತ ಕಾಂಪೌಂಡು ಹಾರಿ ಆ ಕಡೆ ನೇತಾಡಿ ಸತ್ತಿತಂತೆ. ಕೆಲವು ತಿಂಗಳ ನಂತರ ನಮ್ಮ ಯಜಮಾನರ ಹತ್ತಿರ ಬೇರೆಯೇ ಕಥೆ ಹೇಳಿದ್ದರು. ಎರಡು ನಾಯಿ ಆಡುತ್ತಾ ಆಡುತ್ತಾ ಒಂದರ ಹಲ್ಲು ಇನ್ನೊಂದರ ಬೆಲ್ಟಿಗೆ ಸಿಕ್ಕಿಕೊಂಡಿತಂತೆ. ಯಾರ ಮನೆಯಲ್ಲಿ ಎಂದು ಇವರು ಕೇಳಿದರೆ, “ಹಿಂಗೇ, ಗೊತ್ತಿರೋರ ಮನೇಲಿ” ಎಂದರಂತೆ. ಶುಂಠಿ ವ್ಯಾಪಾರದವರ ಹೆಂಡತಿಗೆ, ನಾನು ಜೀವಮಾನದಲ್ಲಿ ನಾಯಿ ಸಾಕಿಲ್ಲ, ನಮ್ಮಪ್ಪನ ಮನೆಯಲ್ಲೂ ಇರಲಿಲ್ಲ ಎಂದಿದ್ದರು. ನಾವು ಮೂವರೂ ಒಂದು ದಿನ ಸೇರಿ ಮಾತಾಡಿದಾಗ ಇದು ಹೊರಬಿತ್ತು. ಟೀಚರ್ ಸುಳ್ಳು ಹೇಳುವ ಜಾತಿಯವರಲ್ಲ. ತರಕಾರಿಯವನು ಒಂದು ಟೊಮೆಟೊ ಹೆಚ್ಚು ಹಾಕಿದರೆ ವಾಪಸ್ಸು ಕೊಟ್ಟು ಬರುವವರು. ಅವರಿಗೆ ನಾಯಿಯ ವಿಷಯದಲ್ಲಿ ಮಾತ್ರ ಈ ಮರೆಮಾಚುವಿಕೆ ಯಾಕೆ ಬೇಕಿತ್ತು?

ಅದೊಂದು ಬೇಸಿಗೆ. ಬೀದಿನಾಯಿ ಹಿಡಿಯುವ ಗಾಡಿ ಬರುತ್ತದೆ, ಬೆಲ್ಟಿಲ್ಲದ ನಾಯಿಯನ್ನು ಸಾಕಿದ್ದೋ ಬೀದಿಯದೋ ಎಂದು ನೋಡದೆ ಹೊತ್ತುಕೊಂಡು ಹೋಗುತ್ತಾರೆ ಎಂಬ ಸುದ್ದಿ ಹಬ್ಬಿತು. ಟೀಚರೇ ಮನೆಮನೆಗೆ ಬಂದು, “ಎಲ್ಲಾರೂ ಬೆಲ್ಟ್ ಹಾಕಿ. ಗಟ್ಟಿದೇ ಹಾಕಿ” ಎಂದರು. ಅವರು ಹೊಲಿದ ಪರದೆ ಬಟ್ಟೆಯ ಬೆಲ್ಟುಗಳು ಅಷ್ಟರಲ್ಲಿ ಹರಿದು ಹೋಗಿದ್ದವು. ನಮ್ಮ ಯಜಮಾನರು ಅಂಗಡಿಯಿಂದ ನೈಲಾನಿನ ಎರಡು ಹೊಸ ಬೆಲ್ಟು ತಂದು ಬ್ರೌನಿಗೂ ಕರಿಯನಿಗೂ ಹಾಕಿದರು. ಗಾಡಿ ಬರಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಬೆಲ್ಟುಗಳು ಹಾಗೇ ಉಳಿದವು.

ಅಂದು ಭಾನುವಾರ. ನಮ್ಮ ಯಜಮಾನರು ಯಾವುದೋ ಮದುವೆಗೆ ಮಡಿಕೇರಿಗೆ ಹೋಗಿದ್ದರು. ನಾನು ಹಿತ್ತಲಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದೆ. ನಾಯಿಗಳು ದಿನದ ಹಾಗೆ ಒಂದರ ಮೇಲೊಂದು ಬಿದ್ದು ಕತ್ತು ಕಚ್ಚುವ ಆಟ ಆಡುತ್ತಿದ್ದವು. ಇದ್ದಕ್ಕಿದ್ದಂತೆ ಬಂದ ಕೂಗು ಆಟದ್ದಾಗಿರಲಿಲ್ಲ. ತಿರುಗಿ ನೋಡಿದೆ. ಕರಿಯನ ಕೆಳದವಡೆ ಬ್ರೌನಿಯ ಬೆಲ್ಟಿನೊಳಗೆ ಹೊಕ್ಕಿತ್ತು. ಅವನು ಬಿಡಿಸಿಕೊಳ್ಳಲು ಹೊರಳಿದ್ದ, ಬೆಲ್ಟು ತಿರುಚಿಕೊಂಡು ಹಗ್ಗದ ಹಾಗೆ ಬ್ರೌನಿಯ ಕತ್ತಿಗೆ ಬಿಗಿದಿತ್ತು. ಒಂದು ಆ ಕಡೆ, ಒಂದು ಈ ಕಡೆ ಜಗ್ಗುತ್ತಿದ್ದವು. ಕರಿಯ ಕಿರುಚುತ್ತಿದ್ದ. ಬ್ರೌನಿಯಿಂದ ಸದ್ದೇ ಇರಲಿಲ್ಲ.

ನಾನು ಓಡಿಹೋಗಿ ಬಕಲಿಗೆ ಕೈ ಹಾಕಿದೆ. ಅದು ತಿರುವಿನ ಒಳಗೆ ಸೇರಿಹೋಗಿತ್ತು. ಬ್ರೌನಿಯ ನಾಲಿಗೆ ಹೊರಗೆ ಬಿದ್ದು ನೀಲಿಯಾಗಿತ್ತು. “ಟೀಚರ್!” ಎಂದು ಕೂಗಿದೆ. ಕೂಗಿದೆನೋ ಅರಚಿದೆನೋ.

ಅವರು ಹೊಲಿಗೆಯ ದೊಡ್ಡ ಕತ್ತರಿ ಹಿಡಿದು ನಮ್ಮ ಗೇಟು ತಳ್ಳಿಕೊಂಡು ಬಂದರು. ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ಟರು. ಆ ಮುಖವನ್ನು ನಾನು ಮರೆತಿಲ್ಲ. ಸುಣ್ಣದ ಗೋಡೆಯ ಬಣ್ಣ. ಆ ಕ್ಷಣ ಅವರು ಓಡಿಹೋಗುತ್ತಾರೆ ಎಂದೇ ನನಗೆ ಅನ್ನಿಸಿತು. ಓಡಲಿಲ್ಲ. ಬಂದು ಮಂಡಿಯೂರಿ ಕತ್ತರಿಯ ಮೊನೆ ತೂರಿಸಲು ನೋಡಿದರು. ನೂಲು ಹೋಗುವಷ್ಟೂ ಜಾಗವಿರಲಿಲ್ಲ. ಕತ್ತರಿಯನ್ನು ಬಿಸಾಡಿದರು.

“ಎಳೀಬೇಡಿ!” ಎಂದು ನನ್ನ ಮೇಲೆ ಕಿರುಚಿದರು. “ತಳ್ಳಿ! ಒಂದರ ಕಡೆಗೆ ಒಂದನ್ನ ತಳ್ಳಿ!”

ಅವರು ಬ್ರೌನಿಯ ಮೇಲೆ ಅಡ್ಡಬಿದ್ದು, ಎರಡೂ ತೋಳಿನಿಂದ ಅವಚಿಕೊಂಡರು. ಯಾವ ನಾಯಿಯ ತಲೆಯನ್ನೂ ಸವರದ ಹೆಂಗಸು, ಕೆನ್ನೆಯನ್ನು ಅದರ ಬೆನ್ನಿಗೆ ಒತ್ತಿ ಮಲಗಿದ್ದರು.

“ಅದು ಯಾವ ಕಡೆಗೆ ಹೊರಳಿತು ನೋಡಿದ್ರಾ?”

“ಇಲ್ಲ ಟೀಚರ್, ನೋಡ್ಲಿಲ್ಲ.”

“ಹಾಗಾದ್ರೆ ಅದರ ಹಿಂಗಾಲು ಎತ್ತಿ ತಿರುಗ್ಸಿ. ಯಾವ ಕಡೆಗಾದ್ರೂ ಸರಿ, ಬೇಗ!”

ಕರಿಯನ ಹಿಂಭಾಗ ಎತ್ತಿ ಬಲಕ್ಕೆ ತಿರುಗಿಸಿದೆ. ಬೆಲ್ಟು ಇನ್ನೂ ಬಿಗಿಯಿತು. ಬ್ರೌನಿಯ ಕಾಲುಗಳು ಒದ್ದಾಡುವುದನ್ನು ನಿಲ್ಲಿಸಿದವು. “ಆ ಕಡೆ ಅಲ್ಲ, ಈ ಕಡೆ, ಈ ಕಡೆ!” ಎಂದರು ಟೀಚರ್. ಎಡಕ್ಕೆ ತಿರುಗಿಸಿದೆ. ಏನೋ ಸಡಿಲವಾದದ್ದು ನನಗೆ ತಿಳಿಯುವ ಮೊದಲೇ ಅವರು ತಮ್ಮ ಬಲಗೈಯನ್ನು ಕರಿಯನ ಹಲ್ಲಿಗೂ ಬೆಲ್ಟಿಗೂ ನಡುವೆ ತುರುಕಿದ್ದರು. ದವಡೆ ಹೊರಗೆ ಬಂತು. ನೋವಿನಲ್ಲಿದ್ದ ಕರಿಯ ಮೊದಲು ಸಿಕ್ಕಿದ್ದನ್ನು ಕಚ್ಚಿದ. ಸಿಕ್ಕಿದ್ದು ಆ ಕೈ.

ಅವರು ಕೈ ಬಿಡಿಸಿಕೊಂಡು, ಅದೇ ರಕ್ತದ ಕೈಯಲ್ಲಿ ಕತ್ತರಿ ತಡಕಾಡಿ, ಬೆಲ್ಟನ್ನು ಕತ್ತರಿಸಿದರು. ಬ್ರೌನಿ ಒದ್ದೆ ಗೋಣಿಯ ಹಾಗೆ ಬಿದ್ದಿತ್ತು. ಅದರ ಎದೆಯನ್ನು ಟೀಚರ್ ಒತ್ತಿದರು, ಉಜ್ಜಿದರು, ಮತ್ತೆ ಒತ್ತಿದರು. ಹೀಗೇ ಮಾಡಬೇಕು ಎಂದು ಅವರಿಗೂ ಗೊತ್ತಿರಲಿಲ್ಲ. ನಾನು ನೀರು ಚಿಮುಕಿಸಿದೆ. ಎಷ್ಟು ಹೊತ್ತೋ. ಬ್ರೌನಿ ಕೊನೆಗೆ ಒಂದು ಒಡಕು ಸದ್ದು ಮಾಡಿ ಉಸಿರೆಳೆದುಕೊಂಡಿತು. ಆಮೇಲೆ ಇನ್ನೊಂದು.

ನಾನು ಅಳುತ್ತಿದ್ದೆ. ಟೀಚರ್ ಅಳಲಿಲ್ಲ. ನೆಲದ ಮೇಲೆ ಕೂತು, ರಕ್ತ ಸುರಿಯುವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಉಸಿರಾಡುತ್ತಿದ್ದ ಬ್ರೌನಿಯನ್ನೇ ನೋಡುತ್ತಿದ್ದರು.

“ಹಾಗಾದ್ರೆ ಬಿಡಿಸ್ಬಹುದಾಗಿತ್ತು” ಎಂದರು.

“ಏನು ಟೀಚರ್?”

“ಏನಿಲ್ಲ ಕಣಮ್ಮ. ಆಟೋ ಸಿಗುತ್ತಾ ನೋಡಿ.”

ಅವರ ಕೈಗೆ ಹೊಲಿಗೆ ಬಿತ್ತು. ಚುಚ್ಚುಮದ್ದಿಗೆ ನಾನೇ ಪ್ರತಿಸಲವೂ ಜೊತೆಗೆ ಹೋದೆ. ಬ್ರೌನಿ ಬದುಕಿತು, ಆದರೆ ಅದರ ಬೊಗಳು ಒಡೆದುಹೋಯಿತು. ಇವತ್ತಿಗೂ ಶೀತ ಹಿಡಿದವರ ಹಾಗೆ ಬೊಗಳುತ್ತದೆ. ನಮ್ಮ ಮನೆಯಲ್ಲಿ ಅಂದಿನಿಂದ ಬೆಲ್ಟಿಲ್ಲ. ರಸ್ತೆಗೆ ಹೋಗುವಾಗ ಮಾತ್ರ ಎದೆಪಟ್ಟಿ.

ಇಷ್ಟೆಲ್ಲ ಆದ ಮೇಲೆ ಟೀಚರ್ ನಮ್ಮ ಮನೆಗೆ ಇನ್ನಷ್ಟು ಹತ್ತಿರವಾಗುತ್ತಾರೆ ಎಂದುಕೊಂಡಿದ್ದೆ. ಅವರು ನಮ್ಮ ಗೇಟಿನೊಳಗೆ ಕಾಲಿಡುವುದನ್ನೇ ನಿಲ್ಲಿಸಿದರು. ಕೋಪವಿರಲಿಲ್ಲ. ದಿನಾ ಕಾಂಪೌಂಡಿನ ಆ ಬದಿಯಿಂದ ವಿಚಾರಿಸುತ್ತಿದ್ದರು: “ಅದು ತಿಂತಾ? ಉಸಿರಾಡುವಾಗ ಸದ್ದು ಬರುತ್ತಾ?” ಬ್ರೌನಿ ಬಾಲ ಆಡಿಸಿಕೊಂಡು ಗೋಡೆಗೆ ಕಾಲು ಕೊಟ್ಟು ನಿಂತರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾನು ಕರೆದೆ, ಬೇಡಿಕೊಂಡೆ, ಹಬ್ಬಕ್ಕೆ ಊಟಕ್ಕೆ ಹೇಳಿದೆ. “ಬರ್ತೀನಿ ಬರ್ತೀನಿ” ಎಂದರು, ಬರಲಿಲ್ಲ. ಉಳಿದ ಮನೆಗಳಿಗೆ ಮಾತ್ರ ಹೋಗಿ ಕತ್ತು ನೋಡುವುದನ್ನು ಬಿಡಲಿಲ್ಲ. ಕರಿಯ ಕಚ್ಚಿದ್ದಕ್ಕೋ, ಅಥವಾ ನಾನು ಗೊತ್ತಿಲ್ಲದೆ ಏನಾದರೂ ಅಂದದ್ದಕ್ಕೋ ಎಂದು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಮಂಡಿನೋವು ಹೆಚ್ಚಾದ ಮೇಲೆ ಅವರು ಮನೆ ಖಾಲಿ ಮಾಡಿ ಅರಕಲಗೂಡಿನ ಹತ್ತಿರ ತಂಗಿಯ ಮನೆಗೆ ಹೋದರು. ಹೊರಡುವಾಗಲೂ ನಮ್ಮ ಗೇಟಿನ ಹೊರಗೆ ನಿಂತೇ ನನ್ನ ಕೈ ಹಿಡಿದುಕೊಂಡರು.

ತಿಥಿಗೆ ನಾನು ಬಸ್ಸಿನಲ್ಲಿ ಒಬ್ಬಳೇ ಹೋದೆ. ಹೊಲದ ಪಕ್ಕದ ಚಿಕ್ಕ ತಾರಸಿ ಮನೆ. ತಂಗಿಗೆ ಅಕ್ಕನದೇ ಎತ್ತರ, ಅದೇ ಮೂಗು. ಊಟವಾದ ಮೇಲೆ ನೆಂಟರು ಚದುರಿದಾಗ ನಮ್ಮಿಬ್ಬರಿಗೂ ಮಾತಾಡಲು ಬಿಡುವಾಯಿತು.

“ನಿಮ್ಮ ಬಗ್ಗೆ ತುಂಬಾ ಹೇಳೋಳು. ಪಕ್ಕದ ಮನೆಯವರು ಒಳ್ಳೇವರು ಅಂತ” ಎಂದರು ತಂಗಿ. “ಅಲ್ಲಿ ಹೆಂಗೆ ಕಾಲ ಕಳೀತಿದ್ಲೋ ಒಬ್ಳೇ.”

“ಒಬ್ಬರೇ ಎಲ್ಲಿ? ಬೀದಿಯ ನಾಯಿಗಳೆಲ್ಲ ಅವರವೇ ಆಗಿದ್ದವಲ್ಲ” ಎಂದೆ.

ಅವರು ನನ್ನ ಮುಖ ನೋಡಿದರು. “ನಾಯಿಗಳಾ? ಯಾರದ್ದು?”

“ಟೀಚರ್ ಅವರದ್ದು... ಅಂದರೆ ಸಾಕಿರಲಿಲ್ಲ. ಬೆಲ್ಟು ನೋಡೋರು, ಹೊಲಿದು ಕೊಡೋರು.”

“ನಮ್ಮಕ್ಕನಿಗೆ ನಾಯಿ ಕಂಡ್ರೆ ಜೀವ ಹೋಗೋದು” ಎಂದರು ಅವರು. “ಚಿಕ್ಕೋಳಿದ್ದಾಗ ಬೀದೀಲಿ ನಾಯಿ ಇದ್ರೆ ಸ್ಕೂಲಿಗೇ ಹೋಗ್ತಿರ್ಲಿಲ್ಲ. ನಮ್ಮಪ್ಪ ಕೋಲು ಹಿಡ್ಕೊಂಡು ಬಿಟ್ಟು ಬರೋರು. ಅವಳ ದೆಸೆಯಿಂದ ನಮ್ಮಪ್ಪನ ಮನೇಲಿ ಒಂದು ನಾಯೀನೂ ಸಾಕಲಿಲ್ಲ. ಈಗ ಬಂದ ಮೇಲೂ ಅಷ್ಟೇ, ಎದುರು ಮನೆ ನಾಯಿ ಬೊಗಳಿದ್ರೆ ಬಾಗಿಲು ಹಾಕ್ಕೊಳ್ಳೋಳು.”

ಸರಪಳಿಯ ಸಮೇತ ಕಾಂಪೌಂಡು ಹಾರಿದ ತವರಿನ ನಾಯಿ ಯಾವುದು ಎಂದು ಕೇಳಿದೆ. ಅಂಥದ್ದು ಇರಲೇ ಇಲ್ಲ ಎಂದರು. ಎರಡು ನಾಯಿಗಳಿದ್ದ ಮನೆ ಯಾವುದಾದರೂ ಗೊತ್ತೇ ಎಂದು ಕೇಳಿದೆ. ತಂಗಿ ನೆನಪು ಮಾಡಿಕೊಂಡು ಹೇಳಿದರು.

“ಮೊದಲ್ನೇ ಸಲ ಕೆಲಸ ಸಿಕ್ಕಿದಾಗ ಸೋಮವಾರಪೇಟೆ ಹತ್ರ ಒಬ್ರ ಮನೇಲಿ ಒಂದು ರೂಮಲ್ಲಿದ್ಲು. ಅವರ ಮನೇಲಿ ಎರಡು ನಾಯಿ ಇದ್ವು ಅಂತ ಒದ್ದಾಡೋಳು. ಒಂದಿನ ಇದ್ದಕ್ಕಿದ್ದಂಗೆ ಪೆಟ್ಟಿಗೆ ತಗೊಂಡು ಊರಿಗೆ ಬಂದ್ಲು. ಎರಡು ದಿನ ಅನ್ನ ಮುಟ್ಲಿಲ್ಲ. ಏನಾಯ್ತು ಅಂತ ಅಪ್ಪ ಎಷ್ಟು ಕೇಳಿದ್ರೂ ಹೇಳ್ಲಿಲ್ಲ. ಆಮೇಲೆ ಬೇರೆ ರೂಮ್ ಹುಡುಕ್ಕೊಂಡ್ಲು.”

ಆ ಮನೆಯ ಅಂಗಳದಲ್ಲಿ ಏನು ನಡೆದಿರಬಹುದು, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬಳು ಹುಡುಗಿ ಜಗಲಿಯ ಮೇಲೆ ನಿಂತು ಇಳಿಯಲಾರದೆ ಏನನ್ನು ನೋಡಿರಬಹುದು ಎಂದು ನಾನು ಊಹಿಸಿದೆ. ಅದು ನನ್ನ ಊಹೆ, ಅಷ್ಟೆ. ತಂಗಿಗೂ ಗೊತ್ತಿಲ್ಲ, ಕೇಳಲು ಈಗ ಯಾರೂ ಇಲ್ಲ. ಆ ಹೆದರಿಕೆ ಇಟ್ಟುಕೊಂಡು ಅವರು ದಿನಾ ನಮ್ಮ ಗೇಟುಗಳನ್ನು ಹೇಗೆ ತೆರೆದರೋ ಅದು ನನ್ನ ತಲೆಗೆ ಹೋಗುತ್ತಲೇ ಇಲ್ಲ.

ತಂಗಿ ಕೇಳಿದರು, “ಅವಳ ಬಲಗೈ ಮೇಲೆ ಗಾಯದ ಗುರುತಿತ್ತಲ್ಲ, ಅದು ಮೆಷಿನ್ ಸೂಜಿಗೆ ಸಿಕ್ಕಿದ್ದಲ್ವಾ?”

ನಾನು ಆ ಭಾನುವಾರದ ಮಧ್ಯಾಹ್ನವನ್ನು ಹೇಳಿದೆ. ಅವರು ಕತ್ತರಿ ಹಿಡಿದು ಓಡಿಬಂದದ್ದು, ಎರಡು ಹೆಜ್ಜೆ ದೂರದಲ್ಲಿ ನಿಂತದ್ದು, ಬ್ರೌನಿಯನ್ನು ಅವಚಿಕೊಂಡು ಮಲಗಿದ್ದು, ಹಲ್ಲಿನ ನಡುವೆ ಕೈ ಹಾಕಿದ್ದು. ಒಳಗೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ನೀವು ಬೇರೆ ಯಾರ್ದೋ ವಿಷಯ ಹೇಳ್ತಿದೀರಿ ಅನ್ಸುತ್ತಮ್ಮ” ಎಂದರು. “ನಮ್ಮಕ್ಕ ಅಲ್ಲ ಅದು.”

ನಾನು ಹೊರಡಲು ಎದ್ದೆ. ಅವರು ನನ್ನ ಮಣಿಕಟ್ಟು ಹಿಡಿದು ಮತ್ತೆ ಕೂರಿಸಿದರು.

“ಕೂತ್ಕೊಳ್ಳಿ. ಬಸ್ಸಿಗೆ ಇನ್ನೂ ಹೊತ್ತಿದೆ” ಎಂದರು. “ಇನ್ನೊಂದ್ಸಲ ಹೇಳಿ. ಗೇಟ್ ತೆಗೆದು ಒಳಗೆ ಬಂದ್ಲಲ್ಲ, ಅಲ್ಲಿಂದ ಹೇಳಿ.”